ಬೋರ್ಡು ಬದಲಿಸಿದವರೇ ಮರಳಿ ಹಾಕಬೇಕು

ಮಂಗಳೂರಿನಲ್ಲಿ ಸಿಟಿ ಬಸ್ಸು ಹತ್ತುವವರು ಮೊದಲು ನೋಡುವುದು ಅದರ ಹಣೆಯ ಬೋರ್ಡನ್ನು. ‘ಸ್ಟೇಟ್‌ಬ್ಯಾಂಕ್’ ಎಂದಿದ್ದರೆ ಒಂದು ದಿಕ್ಕು, ‘ಸುರತ್ಕಲ್’ ಎಂದಿದ್ದರೆ ಇನ್ನೊಂದು. ಮದುವೆ ದಿಬ್ಬಣಕ್ಕೆ ಹೋದ ಬಸ್ಸು ಅದೇ ಬೋರ್ಡು ಹೊತ್ತು ಮರುದಿನ ರೂಟಿಗಿಳಿದರೆ ಪ್ರಯಾಣಿಕರ ಗತಿ ಏನು?

ಲಿನಕ್ಸ್ ಕಲಿಯುವ ವಿದ್ಯಾರ್ಥಿಗಳಿಗೂ ಇಂಥದೇ ಫಜೀತಿ ಉಂಟು. ಆಜ್ಞೆಗಳನ್ನು ಟೈಪ್ ಮಾಡುವ ಟರ್ಮಿನಲ್ ಕಿಟಕಿಗಳು ನೋಡಲು ಒಂದೇ ತೆರ. ಒಂದು ಸ್ವಂತ ಕಂಪ್ಯೂಟರಿನದು, ಇನ್ನೊಂದು ಕಾಲೇಜಿನ ಸರ್ವರಿನದು. ಗುರುತು ಹಿಡಿಯಲು ನೆರವಾಗುವುದು ನೆತ್ತಿಯ ಮೇಲಿನ ಶೀರ್ಷಿಕೆ. ಶೆಲ್ ಸ್ಕ್ರಿಪ್ಟೊಂದು ಅಲ್ಲಿ ‘ಬ್ಯಾಕಪ್ ನಡೆಯುತ್ತಿದೆ’ ಎಂದು ಬರೆದು, ಕೆಲಸ ಮುಗಿದ ಮೇಲೂ ಹಾಗೆಯೇ ಬಿಟ್ಟರೆ? ಕಡತ ಅಳಿಸುವ ಆಜ್ಞೆ ತಪ್ಪು ಕಿಟಕಿಗೆ ಬಿದ್ದು ಇಡೀ ಸೆಮಿಸ್ಟರಿನ ಪ್ರಾಜೆಕ್ಟೇ ಮಾಯವಾಗಬಹುದು.

ಹಳೆಯ ಶೀರ್ಷಿಕೆ ಯಾವುದೆಂದು ಟರ್ಮಿನಲನ್ನೇ ಕೇಳಬಾರದೇ? ಅಲ್ಲೊಂದು ಅಪಾಯವಿದೆ. ಅದರ ಉತ್ತರ ಕೀಲಿಮಣೆಯಲ್ಲಿ ಟೈಪ್ ಮಾಡಿದ ಹಾಗೆ ಒಳಬರುತ್ತದೆ. ದುಷ್ಟನೊಬ್ಬ ಶೀರ್ಷಿಕೆಯಲ್ಲೇ ಕೆಟ್ಟ ಆಜ್ಞೆ ಅಡಗಿಸಿಟ್ಟರೆ ಅದೂ ಬಂದುಬಿಡುತ್ತದೆ. ಹೀಗಾಗಿಯೇ 1984ರಲ್ಲಿ ಹುಟ್ಟಿದ, 1996ರಿಂದ ಥಾಮಸ್ ಡಿಕಿ ನೋಡಿಕೊಳ್ಳುತ್ತಿರುವ ‘ಎಕ್ಸ್‌ಟರ್ಮ್’ ಮೂಲ ಸ್ಥಿತಿಯಲ್ಲಿ ಈ ಪ್ರಶ್ನೆಗೆ ಬಾಯಿ ಬಿಡುವುದಿಲ್ಲ.

ಸುರಕ್ಷಿತ ದಾರಿ ಬೇರೆಯೇ ಇದೆ. ಶೀರ್ಷಿಕೆ ಬದಲಿಸುವ ಮುನ್ನ ಸ್ಕ್ರಿಪ್ಟು ‘ಪ್ರಿಂಟ್‌ಎಫ್’ ಮೂಲಕ ಒಂದು ಸಂಕೇತ ಕಳುಹಿಸಬೇಕು: ಎಸ್ಕೇಪ್, ತೆರೆಯುವ ಚೌಕಾವರಣ, 22, ಅರ್ಧವಿರಾಮ, 0, ಕೊನೆಗೆ ಸಣ್ಣ ‘ಟಿ’ ಅಕ್ಷರ. ನಡುವೆ ಜಾಗ ಬಿಡಬಾರದು. ಆಗ ಟರ್ಮಿನಲ್ ಹಳೆಯ ಶೀರ್ಷಿಕೆಯನ್ನು ತನ್ನಲ್ಲೇ ಎತ್ತಿಡುತ್ತದೆ. ಕೆಲಸ ಮುಗಿದಾಗ 22ರ ಬದಲು 23 ಕಳುಹಿಸಿದರೆ ಅದೇ ಶೀರ್ಷಿಕೆ ಮರಳುತ್ತದೆ. ತಟ್ಟೆಗಳನ್ನು ಪೇರಿಸಿದಂತೆ, ಕೊನೆಗೆ ಇಟ್ಟದ್ದು ಮೊದಲು ಹೊರಬರುತ್ತದೆ. ಆದ್ದರಿಂದ ಒಂದು ಸ್ಕ್ರಿಪ್ಟು ಇನ್ನೊಂದನ್ನು ಕರೆದರೂ ಗೊಂದಲವಿಲ್ಲ.

ಸ್ಕ್ರಿಪ್ಟು ಅರ್ಧದಲ್ಲೇ ನಿಂತರೆ? ಅದಕ್ಕೆ ‘ಟ್ರ್ಯಾಪ್’ ಆಜ್ಞೆ ಇದೆ. ಮರಳಿಸುವ ಸಾಲನ್ನು ‘ಎಕ್ಸಿಟ್’ ಜೊತೆ ಅದಕ್ಕೆ ಒಪ್ಪಿಸಿದರೆ, ಬ್ಯಾಷ್ ಶೆಲ್ಲಿನಲ್ಲಿ ಕಂಟ್ರೋಲ್–ಸಿ ಒತ್ತಿ ನಿಲ್ಲಿಸಿದರೂ ಕೆಲಸ ನಡೆಯುತ್ತದೆ. ‘ಕಿಲ್ –9’ ಎಂಬ ಬ್ರಹ್ಮಾಸ್ತ್ರದ ಮುಂದೆ ಮಾತ್ರ ಅದೂ ನಿರುಪಾಯ.

ಎಲ್ಲ ಟರ್ಮಿನಲ್‌ಗಳಿಗೂ ಈ ಸಂಕೇತ ತಿಳಿಯದು. ಮೊದಲು ಪರೀಕ್ಷಿಸಿ ನೋಡಬೇಕು. ಉಬುಂಟುವಿನ ಬ್ಯಾಷ್ ಸಾಮಾನ್ಯವಾಗಿ ಪ್ರತಿ ಆಜ್ಞೆಯ ನಂತರ ಶೀರ್ಷಿಕೆಯನ್ನು ತಾನೇ ತಿದ್ದುವುದರಿಂದ ಅಲ್ಲಿ ಈ ತೊಂದರೆ ಕಣ್ಣಿಗೆ ಬೀಳದಿರಬಹುದು. ಕಾಣದ ಮಾತ್ರಕ್ಕೆ ಸ್ಕ್ರಿಪ್ಟು ಸರಿಯಿದೆ ಎಂದರ್ಥವಲ್ಲ.

ಪರೀಕ್ಷೆಯಲ್ಲಿ ಇದಕ್ಕೆ ಅಂಕ ಸಿಗಲಿಕ್ಕಿಲ್ಲ. ಆದರೆ ಬಳಸಿದ್ದನ್ನು ಇದ್ದಂತೆಯೇ ಬಿಟ್ಟು ಹೋಗುವುದು ಮನೆಯಲ್ಲಿ ಹೆತ್ತವರು ಕಲಿಸುವ ಪಾಠವೇ ತಾನೆ? ಪ್ರೋಗ್ರಾಂ ಬರೆಯುವಾಗಲೂ ಅದೇ ಶಿಸ್ತು ಬೇಕು.