ಓದುಗರು ತಿದ್ದಿದ ಮಾರ್ಗದರ್ಶಿ

ನಮ್ಮ ಸೀಮೆಯನ್ನು ನೋಡಬರುವ ಪರಸ್ಥಳದವರಿಗಾಗಿ ನಾನೊಂದು ಮಾರ್ಗದರ್ಶಿ ಲೇಖನ ಬರೆದು ಕಾಲೇಜಿನ ಭಿತ್ತಿಪತ್ರಿಕೆಯಲ್ಲಿ ಹಾಕಿದ್ದೆ. ಸೌಪರ್ಣಿಕೆಯು ಮರವಂತೆಯಲ್ಲಿ ಕಡಲು ಸೇರುವುದೆಂದು ಅದರಲ್ಲಿತ್ತು. ಗಂಗೊಳ್ಳಿಯ ಸಹಪಾಠಿಯೊಬ್ಬ ಓದಿ ನಕ್ಕ: “ಹಂಗಾರೆ ನಮ್ಮೂರ್ ಅಳಿವೆಗೆ ಬಪ್ಪು ನೀರ್ ಯಾವ್ದಾ?”

ನಿಜವೇ. ಮರವಂತೆಯಲ್ಲಿ ನದಿಗೂ ಕಡಲಿಗೂ ನಡುವೆ ಹೆದ್ದಾರಿಯಷ್ಟೇ ಅಂತರ; ಆದರೂ ನದಿಯು ಅಲ್ಲಿಂದ ತಿರುಗಿ ದಕ್ಷಿಣಕ್ಕೆ ಹರಿದು, ವಾರಾಹಿ, ಚಕ್ರಾ, ಕುಬ್ಜಾ, ಖೇಟಾ ನದಿಗಳೊಡನೆ ಗಂಗೊಳ್ಳಿಯ ಬಳಿ ಸಮುದ್ರಕ್ಕೆ ಬೀಳುತ್ತದೆ.

ಕೊಲ್ಲೂರು ಕುಂದಾಪುರ ತಾಲ್ಲೂಕಿನಲ್ಲಿದೆಯೆಂದೂ ಬರೆದಿದ್ದೆ. 2018ರಲ್ಲಿ ಬೈಂದೂರು ತಾಲ್ಲೂಕಾದ ಮೇಲೆ ಅದು ಅಲ್ಲಿಗೆ ಸೇರಿದೆಯೆಂದು ಅಧ್ಯಾಪಕರೊಬ್ಬರು ತಿದ್ದಿದರು.

ಇವನ್ನು ಹೇಗೋ ಸಹಿಸಬಹುದು. ಮೀನುಗಾರರ ಮನೆಯ ಸಹಪಾಠಿಯೊಬ್ಬಳು ಮಾತ್ರ ನಗಲಿಲ್ಲ. “ಮಳೆಗಾಲದಲ್ಲಿ ಕಡಲಿಗೆ ಇಳಿಯಬಾರದೆಂದು ಎಲ್ಲಿ ಬರೆದಿದ್ದೀರಿ?” ಎಂದು ಕೇಳಿದಳು. ನಾನು ಬರೆದದ್ದು ‘ಸ್ನಾನಕ್ಕೆ ಪ್ರಶಸ್ತ’ ಎಂದು! ಅಂದೇ ಆ ಹಾಳೆಯನ್ನು ಕಿತ್ತು, ಎಚ್ಚರಿಕೆಯನ್ನು ಮೊದಲ ಸಾಲಿನಲ್ಲಿಟ್ಟು ಮತ್ತೆ ಬರೆದೆ.