ಬೆಲ್ಲಿ ಡ್ಯಾನ್ಸ್ ಕಾಸ್ಟ್ಯೂಮ್: ಮಣಿಯ ಭಾರ ಎಲಾಸ್ಟಿಕ್ ಹೊರಲ್ಲ!

ಬೆಲ್ಲಿ ಡ್ಯಾನ್ಸ್ ಕಾಸ್ಟ್ಯೂಮ್ ಅಂದ ಕೂಡಲೇ ನೋಡುವವರ ಕಣ್ಣು ಹೋಗೋದು ಹೊಳೆಯುವ ಮಣಿ, ಚಮ್ಕಿ, ಕುಚ್ಚುಗಳ ಮೇಲೆ. ಆದರೆ ವೇದಿಕೆ ಹತ್ತುವವಳ ತಲೆಯಲ್ಲಿ ಓಡುವ ಪ್ರಶ್ನೆ ಬೇರೆಯೇ: ಹಾಡು ಮುಗಿಯುವವರೆಗೆ ಇದು ತಡೆಯುತ್ತಾ? ಎದುರಿಗೆ ಇನ್ನೂರು ಜನ, ಅರ್ಧಕ್ಕರ್ಧ ಜನರ ಕೈಯಲ್ಲಿ ಫೋನ್, ಎಲ್ಲದರಲ್ಲೂ ರೆಕಾರ್ಡಿಂಗ್ ಆನ್. ಅಲ್ಲಿ ಒಂದು ಸ್ಟ್ರ್ಯಾಪ್ ಕಿತ್ತರೆ ಅದು ಆ ಕ್ಷಣಕ್ಕೆ ಮುಗಿಯುವ ಮುಜುಗರವಲ್ಲ, ವಾಟ್ಸಾಪ್‌ನಲ್ಲಿ ಸುತ್ತುತ್ತಲೇ ಇರುವ ಕ್ಲಿಪ್.

ಮೈಸೂರು, ಬೆಂಗಳೂರಿನಲ್ಲಿ ಕೆಲಸ ಮಾಡುತ್ತಾ ವೀಕೆಂಡ್ ಕ್ಲಾಸ್‌ನಲ್ಲೋ ವಿಡಿಯೊ ನೋಡಿಕೊಂಡೋ ಈ ನೃತ್ಯ ಕಲಿಯುತ್ತಿರುವ ಹುಡುಗಿಯರು ಈಗ ಅಪರೂಪವಲ್ಲ. ನಾನೂ ಅವರಲ್ಲಿ ಒಬ್ಬಳು. ಸ್ಟೆಪ್ಪು, ಮೇಕಪ್ಪು, ಹಾಡು ಎಲ್ಲದರ ಬಗ್ಗೆ ನಾವು ಗಂಟೆಗಟ್ಟಲೆ ಮಾತಾಡುತ್ತೇವೆ. ಒಳಗಿನ ಹೊಲಿಗೆಯ ಬಗ್ಗೆ ಮಾತ್ರ ಮಾತಿಲ್ಲ. ಯಾಕೆಂದರೆ ಅದು 'ಬ್ರಾ'. ಆ ಪದ ಬಂದ ಕೂಡಲೇ ದನಿ ತಗ್ಗುತ್ತದೆ, ಟೈಲರ್ ಹತ್ತಿರ ಕೊಂಡೊಯ್ಯಲು ಸಂಕೋಚ. ಕೊನೆಗೆ ನಾಲ್ಕು ಸೇಫ್ಟಿ ಪಿನ್ ಚುಚ್ಚಿಕೊಂಡು ದೇವರ ಮೇಲೆ ಭಾರ ಹಾಕುತ್ತೇವೆ.

ಈ ಉಡುಪು ಬಂದದ್ದು ಎಲ್ಲಿಂದ?

ಮಣಿ ಕೆಲಸದ ಬ್ರಾ ಮತ್ತು ಸೊಂಟದ ಬೆಲ್ಟ್ ಸೇರಿದ ಈ ಸೆಟ್‌ಗೆ ಅರಬ್ಬಿಯಲ್ಲಿ 'ಬದ್ಲಾ' ಅನ್ನುತ್ತಾರೆ. ಅಂದರೆ 'ಸೂಟ್'. ಇದು ತೀರಾ ಪುರಾತನವೇನಲ್ಲ. ಈಜಿಪ್ಟಿನ ನರ್ತಕಿಯರು ಹಿಂದೆ ಮೈಮುಚ್ಚುವ ಉಡುಪಿನ ಮೇಲೆ ಸೊಂಟಕ್ಕೆ ಒಂದು ವಸ್ತ್ರ ಬಿಗಿದು ಕುಣಿಯುತ್ತಿದ್ದರು. 1926ರಲ್ಲಿ ಬದಿಯಾ ಮಸಾಬ್ನಿ ಕೈರೋದಲ್ಲಿ ನೈಟ್ ಕ್ಲಬ್ ತೆರೆದ ಮೇಲೆ, ಹಾಲಿವುಡ್ ಮತ್ತು ಯುರೋಪಿನ ಕ್ಯಾಬರೆಗಳ ಪ್ರಭಾವದಲ್ಲಿ, ದೊಡ್ಡ ವೇದಿಕೆಗೆ ಹೊಂದುವ ಈ ಥಳಕಿನ ಉಡುಪು ಜನಪ್ರಿಯವಾಯಿತು. ದೂರದಲ್ಲಿ ಕೂತವರಿಗೂ ಚಲನೆ ಕಾಣಲಿ ಎಂದು ಕುಚ್ಚು ಬಂತು, ಕುಚ್ಚಿನ ಜೊತೆಗೆ ಭಾರವೂ ಬಂತು.

ನಮ್ಮವರಿಗೆ ಈ ಉಡುಪಿನ ಪರಿಚಯ ಸಿನಿಮಾದಿಂದ. 1975ರ 'ಶೋಲೆ'ಯಲ್ಲಿ ಹೆಲೆನ್ ಕುಣಿದ 'ಮೆಹಬೂಬಾ' ಹಾಡು ಯಾರಿಗೆ ಗೊತ್ತಿಲ್ಲ? ಆ ಚಿತ್ರದ ರಾಮಗಢ ನಮ್ಮ ರಾಮನಗರದ ಬಂಡೆಗಳೇ. ಆದರೆ ಸಿನಿಮಾದಲ್ಲಿ ಒಂದು ಅನುಕೂಲ ಇದೆ. ಏನಾದರೂ ಸಡಿಲವಾದರೆ 'ಕಟ್' ಅಂದು ಸರಿಮಾಡಬಹುದು. ಲೈವ್ ವೇದಿಕೆಯಲ್ಲಿ ಆ ಸೌಕರ್ಯ ಇಲ್ಲ.

ಭಾರದ ಲೆಕ್ಕ

ಮೊದಲು ಕಾಸ್ಟ್ಯೂಮ್ ಬ್ರಾವನ್ನು ಅಡುಗೆಮನೆಯ ತಕ್ಕಡಿಯಲ್ಲಿಟ್ಟು ತೂಗಿ. ಆನ್‌ಲೈನ್‌ನಲ್ಲಿ ತರಿಸಿದ ನನ್ನದು 840 ಗ್ರಾಂ ಇತ್ತು. ಮಣಿಗಳು ಸಣ್ಣವೇ. ಸಾಮಾನ್ಯ ಅಳತೆಯ ಗಾಜಿನ ಸಣ್ಣ ಮಣಿ ಗ್ರಾಂಗೆ ಸುಮಾರು 110 ಬರುತ್ತವೆ. ಆದರೆ ಒಂದು ಗೇಣಿಗಿಂತ ಸ್ವಲ್ಪ ಕಡಿಮೆ ಉದ್ದದ ಒಂದೇ ಎಳೆ ಕುಚ್ಚಿಗೆ ಅಷ್ಟು ಮಣಿ ಬೇಕು. ಅಂಥ 200 ಎಳೆ ಇಳಿಬಿಟ್ಟರೆ ಅಲ್ಲಿಗೇ 200 ಗ್ರಾಂ. ಅದರ ಮೇಲೆ ಕಲ್ಲು, ದೊಡ್ಡ ಮಣಿ, ನಾಣ್ಯ.

ಇದು ಸುಮ್ಮನೆ ನಿಂತಾಗಿನ ತೂಕ. ಕುಣಿಯುವಾಗಿನ ಲೆಕ್ಕ ಬೇರೆ. ಶಿಮ್ಮಿ ಮಾಡುವಾಗ ಮೈ ಸೆಕೆಂಡಿಗೆ 4 ಸಲ, 1 ಸೆಂ.ಮೀ. ಮೇಲಕ್ಕೆ, 1 ಸೆಂ.ಮೀ. ಕೆಳಕ್ಕೆ ಅಲುಗುತ್ತದೆ ಅಂದುಕೊಳ್ಳಿ. ಪಿಯುಸಿ ಫಿಸಿಕ್ಸ್ ಸೂತ್ರಕ್ಕೆ ಹಾಕಿದರೆ, ಪ್ರತಿ ಸಲ ಕೆಳಗೆ ಹೋಗಿ ತಿರುಗುವ ಕ್ಷಣದಲ್ಲಿ 1 ಕೆ.ಜಿ. ವಸ್ತು ಸುಮಾರು 1.6 ಕೆ.ಜಿ.ಯಷ್ಟು ಜಗ್ಗುತ್ತದೆ. ಹಾಡಿನಲ್ಲಿ ಒಟ್ಟು 1 ನಿಮಿಷ ಶಿಮ್ಮಿ ಇದ್ದರೂ 240 ಜಗ್ಗು. 20 ಸಲ ರಿಹರ್ಸಲ್ ಮಾಡಿದರೆ 4,800. ದಾರ ಒಂದೇ ಏಟಿಗೆ ಕಿತ್ತು ಬರೋದು ಕಡಿಮೆ. ಹೀಗೆ ಸಾವಿರಾರು ಸಣ್ಣ ಜಗ್ಗಿನಿಂದ ಸವೆದು, ಕೊನೆಗೆ ಶೋ ದಿನವೇ ಕೈ ಕೊಡುತ್ತದೆ.

ದಿನಬಳಕೆಯ ಬ್ರಾ ಈ ಕೆಲಸಕ್ಕೆ ತಯಾರಾದದ್ದೇ ಅಲ್ಲ. ಅದರ ಪಟ್ಟಿ, ಸ್ಟ್ರ್ಯಾಪ್ ಎರಡೂ ಹಿಗ್ಗಬೇಕು ಅಂತಲೇ ಮಾಡಿದ್ದು. ಅದರ ಮೇಲೆ ಮಣಿ ಹೇರಿದರೆ ಎಲಾಸ್ಟಿಕ್ ಹಿಗ್ಗಿ ಹಿಗ್ಗಿ ಸತ್ತುಹೋಗುತ್ತದೆ. ಹೆಗಲಿನಲ್ಲಿ ಬರೆ ಬೀಳುತ್ತದೆ, ಕಪ್ ಕೆಳಗೆ ಜಾರುತ್ತದೆ.

ಉತ್ತರ ನಮ್ಮ ಕೋಟೆಯಲ್ಲೇ ಇತ್ತು

ನಾನು ಈ ಬ್ರಾ ಹಿಡಿದು ಹೋದದ್ದು ನಮ್ಮ ಎಚ್.ಡಿ. ಕೋಟೆಯ ಟೈಲರ್ ಅಕ್ಕನ ಹತ್ತಿರ. ಅವರು ಮದುವೆ ಬ್ಲೌಸ್‌ಗಳಿಗೆ ಆರಿ ವರ್ಕ್ ಮಾಡಿಕೊಡುವವರು. ಕವರ್‌ನಿಂದ ತೆಗೆದಾಗ ಅವರು ನಗಲಿಲ್ಲ, ಮುಖವನ್ನೂ ಕಿವುಚಲಿಲ್ಲ. ತಿರುಗಿಸಿ ಒಳಭಾಗ ನೋಡಿದರು.

"ಮಣಿ ಏನೋ ಚೆಂದಾಗೈತೆ ಕಣವ್ವ. ಇದ್ನ ಹೊರೋಕೆ ಬಟ್ಟೆ ಎಲ್ಲೈತೆ? ಬರೀ ರಬ್ರು."

"ಏನ್ ಮಾಡೋದಕ್ಕಾ ಈಗ?"

"ಮದ್ವೆ ಬ್ಲೌಸ್‌ಗೆ ಏನ್ ಮಾಡ್ತೀವೋ ಅದ್ನೇ. ಕೆಲ್ಸ ಇರೋ ಬಟ್ಟೆ ಕೆಳಗೆ ಇನ್ನೊಂದು ಗಟ್ಟಿ ಬಟ್ಟೆ ಕೊಟ್ರೆ ತಾನೆ ನಿಲ್ಲೋದು?"

ಇಡೀ ವಿಷಯ ಇಷ್ಟೇ. ಭಾರ ಮಣಿಯಿಂದ ಗಟ್ಟಿ ಬಟ್ಟೆಗೆ, ಬಟ್ಟೆಯಿಂದ ಎದೆಯ ಸುತ್ತಲಿನ ಪಟ್ಟಿಗೆ, ಪಟ್ಟಿಯಿಂದ ಮೈಗೆ ಇಳಿಯಬೇಕು. ಮಧ್ಯದಲ್ಲಿ ಎಲ್ಲೂ ಎಲಾಸ್ಟಿಕ್ ಇರಬಾರದು. ಯಕ್ಷಗಾನದವರು ಇದನ್ನು ಎಂದೋ ಕಂಡುಕೊಂಡಿದ್ದಾರೆ. ಅವರ ಎದೆಕಟ್ಟು, ಭುಜಕೀರ್ತಿ ನೋಡಲು ಬಂಗಾರದ ಗಟ್ಟಿಯಂತೆ ಕಂಡರೂ ಸಾಂಪ್ರದಾಯಿಕವಾಗಿ ಅವು ಹಗುರ ಮರದವು. ಅವನ್ನು ಮೈಗೆ ದಾರದಿಂದ ಬಿಗಿದು ಕಟ್ಟುತ್ತಾರೆ. ರಾತ್ರಿಯಿಡೀ ಕುಣಿದರೂ ಅಲ್ಲಾಡದ ಗುಟ್ಟು ಅದು.

ಬಲಪಡಿಸುವುದು ಹೇಗೆ?

ಮೇಲಿನ ಮಣಿ ಕೆಲಸ ಬಿಚ್ಚಬೇಕಾಗಿಲ್ಲ. ಎಲ್ಲಾ ಕೆಲಸ ಒಳಗಿನಿಂದಲೇ ಆಗುತ್ತದೆ. ಟವೆಲ್ ಉಂಡೆ ಮಾಡಿ ಕಪ್ ಕೆಳಗೆ ಇಟ್ಟುಕೊಂಡರೆ ಆಕಾರ ಚಪ್ಪಟೆಯಾಗುವುದಿಲ್ಲ.

ಪಟ್ಟಿ: ಕಪ್‌ನ ಎರಡೂ ಬದಿಯ ಎಲಾಸ್ಟಿಕ್ ಕತ್ತರಿಸಿ ತೆಗೆಯಿರಿ. ಅದರ ಬದಲು ಹಿಗ್ಗದ ದಪ್ಪ ಕಾಟನ್ ಬಟ್ಟೆ ಅಥವಾ ಕ್ಯಾನ್ವಾಸ್ ಎರಡು ಪದರ, 4-5 ಸೆಂ.ಮೀ. ಅಗಲ. ಪ್ಯಾಂಟಿನ ಸೊಂಟಕ್ಕೆ ಒಳಗೆ ಕೊಡುವ ಗಟ್ಟಿ ಪಟ್ಟಿಯೂ ಆಗುತ್ತದೆ. ಮುಖ್ಯವಾದದ್ದು, ಈ ಪಟ್ಟಿ ಕಪ್‌ನ ಅಂಚಿಗೆ ಬಂದು ನಿಲ್ಲಬಾರದು. ಎರಡೂ ಕಪ್‌ಗಳ ಕೆಳಗೆ, ವೈರ್ ಇರುವ ಗೆರೆಗುಂಟ, ಒಂದು ಬದಿಯಿಂದ ಇನ್ನೊಂದು ಬದಿಗೆ ಅಖಂಡವಾಗಿ ಹಾದುಹೋಗಬೇಕು. ಆಗ ಅದು ಬೆಲ್ಟಿನಂತೆ ಕೆಲಸ ಮಾಡುತ್ತದೆ.

ಅಳತೆ: ಹಿಗ್ಗದ ಪಟ್ಟಿಯಾದ್ದರಿಂದ ಅಳತೆ ತೆಗೆಯುವಾಗ ಎರಡೂ ಕೈ ಮೇಲೆತ್ತಿ, ಉಸಿರು ಪೂರ್ತಿ ಎಳೆದುಕೊಳ್ಳಿ. ಸುಮ್ಮನೆ ನಿಂತು ತೆಗೆದ ಅಳತೆಗೆ ಹೊಲಿದರೆ ಎರಡನೇ ಚರಣಕ್ಕೇ ಉಸಿರು ಕಟ್ಟುತ್ತದೆ.

ಕಪ್: ಬೆರಳಿನಿಂದ ಒತ್ತಿದಾಗ ಕಪ್ ಒಳಗೆ ಮಡಚಿದರೆ ಬಕ್ರಂ ಅಥವಾ ದಪ್ಪ ಫೆಲ್ಟ್ ಕೊಡಬೇಕು. ಕಪ್‌ನ ಆಕಾರಕ್ಕೆ ಎರಡು ತುಂಡು ಮಾಡಿ ಜೋಡಿಸಿದರೆ ನೆರಿಗೆ ಬೀಳಲ್ಲ. ಎರಡು ಕಪ್ ಸೇರುವ ನಡುವಿನ ಜಾಗ ಚಿಕ್ಕದು, ಆದರೆ ಎರಡೂ ಕಡೆಯ ಎಳೆತ ಅಲ್ಲೇ ಬೀಳುತ್ತದೆ. ಅಲ್ಲಿಗೆ ಎರಡು ಪದರ ಗಟ್ಟಿ ಬಟ್ಟೆ ಕಡ್ಡಾಯ.

ಸ್ಟ್ರ್ಯಾಪ್: 2-2.5 ಸೆಂ.ಮೀ. ಅಗಲದ, ಹಿಗ್ಗದ ಪಟ್ಟಿ. ಇದನ್ನು ಕಪ್‌ನ ಮೇಲಂಚಿಗೆ ಮಾತ್ರ ಹೊಲಿದು ಬಿಟ್ಟರೆ ಅಂಚು ಹರಿಯುತ್ತದೆ. ಕಪ್‌ನ ಒಳಗಿನಿಂದ ಕೆಳಗಿನ ಪಟ್ಟಿಯವರೆಗೆ ಇಳಿಸಿ, ಉದ್ದಕ್ಕೂ ಹೊಲಿಯಿರಿ. ಬೆನ್ನಿನಲ್ಲಿ ಅಡ್ಡಡ್ಡ ಹಾಕಿದರೆ ಹೆಗಲಿನಿಂದ ಜಾರುವುದಿಲ್ಲ. ಕುತ್ತಿಗೆಗೆ ಕಟ್ಟುವ ಮಾದರಿ ನೋಡಲು ಚೆಂದ, ಆದರೆ ಭಾರವೆಲ್ಲ ಕುತ್ತಿಗೆಗೇ ಬಂದು ಮಾರನೇ ದಿನ ನೋವು.

ಹುಕ್: ಬ್ರಾದ ಸಣ್ಣ ಹುಕ್ ಬೇಡ. ಪ್ಯಾಂಟಿಗೆ ಹಾಕುವ ಅಗಲ ಹುಕ್ ಎರಡು ಹಾಕಿ. ಅದು ಸಿಕ್ಕಿಕೊಳ್ಳುವ ಪಟ್ಟಿಯನ್ನು ಎರಡು ಅಳತೆಗೆ ಹೊಲಿದರೆ ಮೈ ಸ್ವಲ್ಪ ಹೆಚ್ಚುಕಡಿಮೆ ಆದರೂ ನಡೆಯುತ್ತೆ. ಬ್ಯಾಕಪ್ ಇಲ್ಲದೆ ಪ್ರೊಡಕ್ಷನ್‌ಗೆ ಹೋಗಬಾರದು ಅನ್ನೋದು ನಮ್ಮ ಆಫೀಸಿನ ಪಾಠ. ಹಾಗಾಗಿ ಹುಕ್‌ನ ಪಕ್ಕ ಒಂದು ಜೊತೆ ಕಟ್ಟುವ ಲಾಡಿಯೂ ಇರಲಿ.

ದಾರ: ಮೆಷಿನ್ ಹೊಲಿಗೆಗೆ ಮಣಿ ಅಡ್ಡ ಬರುತ್ತದೆ, ಸೂಜಿಯೂ ಮುರಿಯುತ್ತದೆ. ಕೈಹೊಲಿಗೆಯೇ ಸರಿ. ದಪ್ಪ ಪಾಲಿಯೆಸ್ಟರ್ ದಾರವನ್ನು ಜೇನುಮೇಣದ ಮೇಲೆ ಎರಡು ಸಲ ಎಳೆದುಕೊಂಡರೆ ಸಿಕ್ಕು ಬೀಳದು, ಬೇಗ ಸವೆಯದು. ಜೇನಿನ ಸೀಮೆ ನಮ್ಮದು, ಮೇಣಕ್ಕೆ ಬರವಿಲ್ಲ! ಒಂದು ಹೆಜ್ಜೆ ಹಿಂದೆ ಹೋಗಿ ಮುಂದೆ ಬರುವ ಹೊಲಿಗೆ ಹಾಕಿ, ನಾಲ್ಕೈದು ಸೆಂ.ಮೀ.ಗೊಮ್ಮೆ ಗಂಟು ಕೊಡಿ. ಒಂದು ಕಡೆ ಕಿತ್ತರೂ ಪೂರ್ತಿ ಬಿಚ್ಚಿಕೊಳ್ಳುವುದಿಲ್ಲ.

ಕುಚ್ಚು: ರೆಡಿಮೇಡ್ ಕಾಸ್ಟ್ಯೂಮ್‌ನಲ್ಲಿ ಹಲವು ಎಳೆಗಳು ಒಂದೇ ದಾರದಲ್ಲಿ ಓಡಿರಬಹುದು. ಹಾಗಿದ್ದರೆ ಪ್ರತಿ ಎಳೆಯ ಬುಡದಲ್ಲಿ ಇನ್ನೊಂದು ದಾರದಿಂದ ಪ್ರತ್ಯೇಕ ಗಂಟು ಹಾಕಿ. ಹೊಸದಾಗಿ ಮಾಡಿಸುವುದಾದರೆ ಕುಚ್ಚನ್ನು ಮೊದಲು ಟೇಪಿಗೆ ಹೊಲಿದು, ಆ ಟೇಪನ್ನು ಬ್ರಾಗೆ ಹೊಲಿಯುವುದು ಒಳ್ಳೆಯದು. ರಿಪೇರಿಗೆ ಬಿಚ್ಚಬಹುದು.

ಲೈನಿಂಗ್: ಕೊನೆಗೆ ಒಳಗೆಲ್ಲ ಮೆತ್ತನೆಯ ಕಾಟನ್. ಇದನ್ನು ದೊಡ್ಡ ಹೊಲಿಗೆಯಲ್ಲಿ ಹಾಕಿ. ಮಣಿ ಕೆಲಸದ ಬ್ರಾ ನೀರಿಗೆ ಹಾಕುವಂತಿಲ್ಲ. ಬೆವರು ಕುಡಿದ ಲೈನಿಂಗನ್ನು ಬಿಚ್ಚಿ ತೊಳೆದು, ಮತ್ತೆ ಹೊಲಿಯಬಹುದು.

ನನ್ನ ಬ್ರಾಗೆ ಇಷ್ಟೆಲ್ಲಾ ಮಾಡಲು ನಮಗಿಬ್ಬರಿಗೂ ಎರಡು ಭಾನುವಾರ ಬೇಕಾಯಿತು. ತೂಕ 90 ಗ್ರಾಂ ಹೆಚ್ಚಿತು. ಆದರೆ ಹೆಗಲಿಗೆ ಹಗುರವಾಯಿತು. ಭಾರ ಈಗ ಎದೆಯ ಸುತ್ತ ಹಂಚಿಹೋಗಿದೆ.

ಶೋಗೆ ಮುಂಚೆ ಟೆಸ್ಟಿಂಗ್

ಹೊಲಿದ ರಾತ್ರಿ ಬ್ರಾದ ಹುಕ್ ಹಾಕಿ, ಸ್ಟ್ರ್ಯಾಪ್‌ನಿಂದ ಗೂಟಕ್ಕೆ ನೇತುಹಾಕಿ, ಕೆಳಗಿನ ಪಟ್ಟಿಗೆ 1 ಕೆ.ಜಿ. ಸಕ್ಕರೆ ಚೀಲ ಕಟ್ಟಿ ಬಿಡಿ. ಬೆಳಗ್ಗೆ ಎಲ್ಲೆಲ್ಲಿ ಹೊಲಿಗೆ ಬಾಯಿ ಬಿಟ್ಟಿದೆ ನೋಡಿ. ಆಮೇಲೆ ಹಾಕಿಕೊಂಡು ಇಡೀ ಹಾಡು ಕುಣಿಯಿರಿ. ಮುಂದೆ, ಹಿಂದೆ, ಪಕ್ಕ ಮೂರೂ ಕಡೆಯಿಂದ ನಿಮ್ಮದೇ ಫೋನಿನಲ್ಲಿ ರೆಕಾರ್ಡ್ ಮಾಡಿ. ಮುಂದಕ್ಕೆ ಬಾಗಿದಾಗ ಕಪ್ ಮೈ ಬಿಟ್ಟು ಬರುತ್ತಾ, ಕೈ ಎತ್ತಿದಾಗ ಪಟ್ಟಿ ಮೇಲೇರುತ್ತಾ ಗಮನಿಸಿ. ಮೇಲಂಚು ಬಾಯಿ ಬಿಟ್ಟರೆ ಅಲ್ಲಿ ಸಣ್ಣದೊಂದು ಟಕ್ ಹಿಡಿದರಾಯಿತು.

ಹೊಟ್ಟೆ ಕಾಣುವ ಮುಜುಗರ ಇದ್ದರೆ ಮೈಬಣ್ಣದ ನೆಟ್ ಒಳಗೆ ಹಾಕಿಕೊಳ್ಳಿ. ಈಜಿಪ್ಟಿನ ವೇದಿಕೆಗಳಲ್ಲೂ ಇದು ಬಳಕೆಯಲ್ಲಿದೆ. ಮಡಚಿ ಇಡುವಾಗ ಒಂದು ಕಪ್ಪನ್ನು ಇನ್ನೊಂದರೊಳಗೆ ತುರುಕಬೇಡಿ. ಒಳಗೆ ಹಳೇ ಬಟ್ಟೆ ತುಂಬಿ ಡಬ್ಬಿಯಲ್ಲಿ ಮಲಗಿಸಿ. ಹ್ಯಾಂಗರ್‌ಗೆ ನೇತುಹಾಕಿದರೆ ಇಟ್ಟಲ್ಲೇ ಜಗ್ಗುತ್ತಾ ಹೋಗುತ್ತದೆ.

ಇದರಲ್ಲಿ ನಿಮಗೆ ಬಾರದ ಕೆಲಸ ಇದ್ದರೆ ಊರಿನಲ್ಲಿ ಬರುವವರು ಇದ್ದೇ ಇದ್ದಾರೆ. ಮದುವೆ ಬ್ಲೌಸಿಗೆ ಕೇಜಿಗಟ್ಟಲೆ ಮಣಿ ಕೂರಿಸುವ ಕೈಗಳಿಗೆ ಇದು ದೊಡ್ಡ ವಿಷಯವೇ ಅಲ್ಲ. ಮುಂದಿನ ಸಲ ಊರಿಗೆ ಹೋದಾಗ ಬ್ಯಾಗಿನಲ್ಲಿ ಮುಚ್ಚಿಟ್ಟುಕೊಳ್ಳದೆ ಟೇಬಲ್ ಮೇಲೆ ಇಟ್ಟು ಕೇಳಿ: "ಅಕ್ಕಾ, ಇದನ್ನ ಗಟ್ಟಿ ಮಾಡಿಕೊಡ್ತೀರಾ?"