ನಿಮಗಿದು ಗೊತ್ತೇ? ‘ನೂರಕ್ಕೆ ನೂರು’ ತೋರಿಸುವ ಪ್ರೊಸೆಸರ್ ಸುಮ್ಮನೆ ಕೂತಿರಬಹುದು

ಬಾಗಲಕೋಟೆ ಬಳಿಯ ಹನುಮಪ್ಪನ ತುಳಸಿಗೇರಿಗೆ ನಾಳೆ ಮಳೆ ಬಂದೀತೇ ಎಂಬ ಲೆಕ್ಕ ನಡೆಯುವುದು ಪುಣೆಯಲ್ಲಿ. ಅಲ್ಲಿನ ಉಷ್ಣವಲಯ ಹವಾಮಾನ ಸಂಸ್ಥೆಯಲ್ಲಿ 2024ರ ಸೆಪ್ಟೆಂಬರ್‌ನಲ್ಲಿ ಉದ್ಘಾಟನೆಯಾದ ‘ಅರ್ಕಾ’ ಸೂಪರ್‌ಕಂಪ್ಯೂಟರ್‌ನ ಸಾಮರ್ಥ್ಯ 11.77 ಪೆಟಾಫ್ಲಾಪ್ಸ್, ಅಂದರೆ ಸೆಕೆಂಡಿಗೆ 11,770 ಲಕ್ಷ ಕೋಟಿ ಲೆಕ್ಕ. 2025ರ ಮೇ ತಿಂಗಳಲ್ಲಿ ಬಂದ ‘ಭಾರತ್ ಫೋರ್‌ಕಾಸ್ಟ್ ಸಿಸ್ಟಮ್’ ನೆಲವನ್ನು 6 ಕಿ.ಮೀ. ಜಾಲವಾಗಿ ನೋಡುತ್ತದೆ. ಮೊದಲು ಅದು 12 ಕಿ.ಮೀ. ಇತ್ತು. ಜಾಲದ ಕಣ್ಣು ಅರ್ಧವಾದರೆ ಲೆಕ್ಕ ಹಾಕಬೇಕಾದ ಜಾಗಗಳು ನಾಲ್ಕು ಪಟ್ಟು. ತುಳಸಿಗೇರಿಗೆ ಒಂದು ಕಣ್ಣು, ಬಾಗಲಕೋಟೆಗೆ ಬೇರೆಯೇ ಕಣ್ಣು.

ಇಷ್ಟು ಲೆಕ್ಕ ಒಂದೇ ಯಂತ್ರದ ಕೈಲಿ ಆಗುವುದಿಲ್ಲ. ಸೂಪರ್‌ಕಂಪ್ಯೂಟರ್ ಎಂದರೆ ನೂರಾರು, ಸಾವಿರಾರು ‘ನೋಡ್’ಗಳ ಕೂಟ. ಒಂದೊಂದು ನೋಡ್‌ಗೂ ಅದರದೇ ಪ್ರೊಸೆಸರ್, ಅದರದೇ ಮೆಮೊರಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ 2015ರಲ್ಲಿ ಬಂದ ‘ಸಹಸ್ರಟಿ’ಯಲ್ಲಿ ಇಂಥ 1,376 ನೋಡ್‌ಗಳಿದ್ದವು. ನೋಡ್‌ಗೆ 24 ಕೋರ್ (ಪ್ರೊಸೆಸರ್ ಒಳಗಿನ ಲೆಕ್ಕಗಾರ), ಒಟ್ಟು 33,024. ಅದೇ ಸಂಸ್ಥೆಯಲ್ಲಿ 2022ರಿಂದ 3.3 ಪೆಟಾಫ್ಲಾಪ್ಸ್‌ನ ‘ಪರಮ್ ಪ್ರವೇಗ’ ಇದೆ.

ದೇಶದ ಮೊದಲ ಸಮಾಂತರ ಕಂಪ್ಯೂಟರ್ ಹುಟ್ಟಿದ್ದೂ ಬೆಂಗಳೂರಿನಲ್ಲೇ. 1986ರಲ್ಲಿ ವಿಮಾನ ಸಂಶೋಧನಾ ಸಂಸ್ಥೆ ಎನ್‌ಎಎಲ್ ಕಟ್ಟಿದ ‘ಫ್ಲೋಸಾಲ್ವರ್’ನಲ್ಲಿ ಇದ್ದದ್ದು ನಾಲ್ಕೇ ಪ್ರೊಸೆಸರ್. ವಿಮಾನದ ಸುತ್ತ ಗಾಳಿ ಹೇಗೆ ಹರಿಯುತ್ತದೆ ಎಂದು ನೋಡಲು ಮಾಡಿದ ಯಂತ್ರ ಅದು. ಮುಂದಿನ ಆವೃತ್ತಿಗಳಲ್ಲಿ ಮುಂಗಾರಿನ ಮಾದರಿಗಳೂ ಓಡಿದವು.

ಇಷ್ಟೊಂದು ಪ್ರೊಸೆಸರ್‌ಗಳು ನಿಜಕ್ಕೂ ದುಡಿಯುತ್ತಿವೆಯೇ? ಅದನ್ನು ನೋಡಲು ‘ಟಾಪ್’ ಎಂದು ಟೈಪ್ ಮಾಡಿದೊಡನೆ ಲಿನಕ್ಸ್ ಪರದೆಯಲ್ಲಿ 100% ಕಂಡರೆ ಪ್ರೊಸೆಸರ್ ಬೆವರು ಸುರಿಸಿ ದುಡಿಯುತ್ತಿದೆ ಎಂದು ನಂಬಬೇಡಿ. ಮೆಮೊರಿಯಿಂದ ಅಂಕಿ ಬರಲಿ ಎಂದು ಕಾಯುವ ಹೊತ್ತನ್ನೂ ಲಿನಕ್ಸ್ ‘ಕೆಲಸ’ದ ಖಾತೆಗೇ ಬರೆಯುತ್ತದೆ. ಇಳಕಲ್ಲಿನ ನೇಕಾರ ಕಂಡಿಕೆ ಬರುವ ತನಕ ಕುಣಿಮಗ್ಗದಲ್ಲಿ ಕೂತೇ ಇರುತ್ತಾನೆ. ಹಾಜರಿ ಪೂರ್ತಿ, ಸೀರೆ ಮಾತ್ರ ಒಂದು ಗೇಣೂ ಮುಂದೆ ಹೋಗಿರುವುದಿಲ್ಲ. ಇಲ್ಲಿಯೂ ಅಷ್ಟೇ.

ನೋಡ್‌ಗಳ ನಡುವೆ ಈ ಕಾಯುವಿಕೆ ಇನ್ನೂ ವಿಚಿತ್ರ. ಪಕ್ಕದ ನೋಡ್‌ನಿಂದ ಸಂದೇಶ ಬರಬೇಕಿದ್ದರೆ ‘ಎಂಪಿಐ’ ಎಂಬ ಸಂದೇಶ ಪದ್ಧತಿ ಬಳಸುವ ಪ್ರೋಗ್ರಾಂಗಳು ಸಾಮಾನ್ಯವಾಗಿ ನಿದ್ದೆ ಹೋಗುವುದಿಲ್ಲ, ‘ಬಂತೇ? ಬಂತೇ?’ ಎಂದು ಸುತ್ತು ಹಾಕುತ್ತಲೇ ಇರುತ್ತವೆ. ಪರದೆಯಲ್ಲಿ ಆಗಲೂ 100%.

ಹಾಗಾದರೆ ನಿಜ ತಿಳಿಯುವುದು ಹೇಗೆ? ಲಿನಕ್ಸ್‌ನ ಅಳತೆ ಸಾಧನ ‘ಪರ್ಫ್’ನ ‘ಪರ್ಫ್ ಸ್ಟ್ಯಾಟ್’ ಓಡಿಸಿ, ಒಂದು ಗಡಿಯಾರ ಮಿಡಿತಕ್ಕೆ ಎಷ್ಟು ಆದೇಶ ಮುಗಿಯಿತು ಎಂಬ ಸಾಲನ್ನು ಓದಬೇಕು. ಸಹಸ್ರಟಿಯಲ್ಲಿದ್ದ ಇಂಟೆಲ್ ಹ್ಯಾಸ್‌ವೆಲ್ ಕೋರ್ ಮಿಡಿತಕ್ಕೆ ನಾಲ್ಕರಷ್ಟು ಆದೇಶ ಮುಗಿಸಬಲ್ಲದು. ಅಂಥದ್ದರ ಮುಂದೆ 0.3 ಎಂದು ಬಂದರೆ ಮೊದಲು ಶಂಕಿಸಬೇಕಾದದ್ದು ಕ್ಯಾಶನ್ನು.

ಕ್ಯಾಶ್ ಎಂಬುದು ಪ್ರೊಸೆಸರ್‌ನ ಮಗ್ಗುಲಲ್ಲೇ ಇರುವ ಚಿಕ್ಕ, ಚುರುಕು ಮೆಮೊರಿ. ಕಂಪ್ಯೂಟರ್ ವಿಜ್ಞಾನಿ ಮಾರಿಸ್ ವಿಲ್ಕ್ಸ್ 1965ರಲ್ಲಿ ಈ ವಿಚಾರ ಬರೆದರು; 1968ರಲ್ಲಿ ಐಬಿಎಂ ಪ್ರಕಟಿಸಿದ 360 ಮಾಡೆಲ್ 85ರ ಮೂಲಕ ಮಾರುಕಟ್ಟೆಗೆ ಬಂತು, ಗಾತ್ರ 16 ಕೆಬಿ. ಹ್ಯಾಸ್‌ವೆಲ್‌ನಲ್ಲಿ ಒಳಗಿನ ಕ್ಯಾಶ್‌ನಿಂದ ಅಂಕಿ ಬರಲು ನಾಲ್ಕೈದು ಮಿಡಿತ ಸಾಕು. ಹೊರಗಿನ ಮುಖ್ಯ ಮೆಮೊರಿಗೆ ಹೋದರೆ ಇನ್ನೂರರ ಆಸುಪಾಸು.

ಇಂಟೆಲ್ ಪ್ರೊಸೆಸರ್‌ನ ಕ್ಯಾಶ್ ಬಿಡಿ ಅಕ್ಷರ ತರುವುದಿಲ್ಲ, ತಂದರೆ 64 ಬೈಟ್‌ನ ಇಡೀ ಸಾಲನ್ನೇ ತರುತ್ತದೆ. ಯೂನಿಕೋಡ್‌ನ ಯುಟಿಎಫ್-8ರಲ್ಲಿ ‘ತುಳಸಿಗೇರಿ’ ಎಂದು ಬರೆಯಲು 27 ಬೈಟ್ ಬೇಕು (ಗುಣಿತದ ಚಿಹ್ನೆಗಳಿಗೂ ಮೂರು ಮೂರು ಬೈಟ್!). ಒಂದು ಸಾಲಿನಲ್ಲಿ ಊರ ಹೆಸರು ಎರಡು ಸಲ ಹಿಡಿಸುತ್ತದೆ, ಮೂರನೆಯ ಸಲ ಇಲ್ಲ.

ಈ 64 ಬೈಟ್‌ನಲ್ಲೇ ಒಂದು ಪೀಡೆಯೂ ಅಡಗಿದೆ. ಎಂಟೆಂಟು ಬೈಟ್‌ನ ಎರಡು ಲೆಕ್ಕಗಳು ಅಕ್ಕಪಕ್ಕ ಒಂದೇ ಸಾಲಿನಲ್ಲಿವೆ ಎನ್ನಿ. ಒಂದಕ್ಕೆ ಬರೆಯುವುದು ಈ ಕೋರ್, ಇನ್ನೊಂದಕ್ಕೆ ಆ ಕೋರ್. ಒಬ್ಬರ ಲೆಕ್ಕ ಇನ್ನೊಬ್ಬರು ಮುಟ್ಟುವುದೇ ಇಲ್ಲ, ಆದರೂ ಪ್ರತಿ ಬರಹಕ್ಕೂ ಇಡೀ ಸಾಲು ಒಂದು ಕ್ಯಾಶ್‌ನಿಂದ ಇನ್ನೊಂದಕ್ಕೆ ಓಡಾಡುತ್ತದೆ. ಪ್ರೋಗ್ರಾಂನಲ್ಲಿ ತಪ್ಪಿಲ್ಲ, ಉತ್ತರ ಸರಿ, ವೇಗ ಮಾತ್ರ ನೆಲಕಚ್ಚಿರುತ್ತದೆ. ಕಣ್ಣಿಗೆ ಕಾಣದ ಈ ಜಗ್ಗಾಟ ಹಿಡಿಯಲೆಂದೇ 2017ರಲ್ಲಿ ಲಿನಕ್ಸ್ 4.10ಕ್ಕೆ ‘ಪರ್ಫ್ ಸಿ2ಸಿ’ ಸೇರಿತು. ನನ್ನನ್ನು ಕೇಳಿದರೆ ಕೋರ್ ಹೆಚ್ಚಿಸುವ ಮೊದಲು ಇದನ್ನೊಮ್ಮೆ ಓಡಿಸುವುದು ಲೇಸು.

ಮಿಡಿತ, ಆದೇಶ ಇವನ್ನೆಲ್ಲ ಎಣಿಸುವ ಕೌಂಟರ್‌ಗಳು ಪ್ರೊಸೆಸರ್ ಒಳಗೇ ಇವೆ. 1993ರ ಪೆಂಟಿಯಂನಲ್ಲಿ ಎರಡಿದ್ದವು, ಇಂಟೆಲ್ ಅದನ್ನು ಬಹಿರಂಗವಾಗಿ ಹೇಳಿರಲಿಲ್ಲ. ಪ್ರೋಗ್ರಾಮರ್ ಟೆರ್ಯೆ ಮಾಥಿಸೆನ್ 1994ರ ಜುಲೈ ‘ಬೈಟ್’ ಪತ್ರಿಕೆಯಲ್ಲಿ ಗುಟ್ಟು ರಟ್ಟು ಮಾಡಿದರು. ಇಂದಿಗೂ ಕೌಂಟರ್‌ಗಳು ಬೆರಳೆಣಿಕೆಯಷ್ಟೇ. ಹೆಚ್ಚು ಸಂಗತಿ ಕೇಳಿದರೆ ‘ಪರ್ಫ್’ ಸರದಿಯ ಮೇಲೆ ಎಣಿಸಿ ಉಳಿದದ್ದನ್ನು ಅಂದಾಜು ಮಾಡುತ್ತದೆ. ಸಾಲಿನ ಕೊನೆಗೆ ಆವರಣದಲ್ಲಿ 66.67% ಎಂದಿದ್ದರೆ ಎಣಿಸಿದ್ದು ಮೂರರಲ್ಲಿ ಎರಡು ಪಾಲು ಹೊತ್ತು ಮಾತ್ರ.



ಕಾವಲುಗಾರನೇ ಹೊರೆಯಾಗುವುದೂ ಉಂಟು. ಅಮೆರಿಕದ ಲಾಸ್ ಅಲಮೋಸ್‌ನ ‘ಕ್ಯೂ’ ಯಂತ್ರದಲ್ಲಿ 8,192 ಪ್ರೊಸೆಸರ್ ಇದ್ದವು, ನೋಡ್‌ಗೆ ನಾಲ್ಕು. ನಾಲ್ಕನ್ನೂ ದುಡಿಸುವುದಕ್ಕಿಂತ ಮೂರನ್ನೇ ದುಡಿಸಿದರೆ ಕೆಲಸ ಬೇಗ ಮುಗಿಯುತ್ತಿತ್ತು! ಯಂತ್ರದ ಮೇಲೆ ನಿಗಾ ಇಡುವಂಥ, ಹಿನ್ನೆಲೆಯಲ್ಲಿ ಆಗಾಗ ಎದ್ದು ಓಡುವ ಸಣ್ಣಪುಟ್ಟ ಪ್ರೋಗ್ರಾಂಗಳು ಒಂದು ನೋಡನ್ನು ಕ್ಷಣ ತಡೆದರೆ ಉಳಿದವೆಲ್ಲ ಅದಕ್ಕಾಗಿ ಕಾಯುತ್ತಿದ್ದವು. ಅವನ್ನು ಹದಕ್ಕೆ ತಂದ ಮೇಲೆ ‘ಸೇಜ್’ ಎಂಬ ಪ್ರೋಗ್ರಾಂ ಎರಡು ಪಟ್ಟು ವೇಗವಾಯಿತು ಎಂದು ವಿಜ್ಞಾನಿಗಳು 2003ರಲ್ಲಿ ವರದಿ ಮಾಡಿದರು.

ಬಾಗಲಕೋಟೆಯ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಇದನ್ನೆಲ್ಲ ಹಾಸ್ಟೆಲ್ ಕೋಣೆಯಲ್ಲೇ ಪರೀಕ್ಷಿಸಬಹುದು, ಸೂಪರ್‌ಕಂಪ್ಯೂಟರ್ ಬೇಕಿಲ್ಲ. ಲಿನಕ್ಸ್ ಹಾಕಿದ ಲ್ಯಾಪ್‌ಟಾಪ್ ಸಾಕು. ವಿಂಡೋಸ್ ಒಳಗೆ ವರ್ಚುವಲ್ ಯಂತ್ರದಲ್ಲಿ ಲಿನಕ್ಸ್ ಓಡಿಸುವವರಿಗೆ ಮಾತ್ರ ಕ್ಯಾಶ್ ಸಾಲಿನ ಎದುರು ಅಂಕಿಯ ಬದಲು ‘ನಾಟ್ ಸಪೋರ್ಟೆಡ್’ ಎಂದು ಬರುವುದೇ ಹೆಚ್ಚು.